ಬಿಲ್ಲಿಂಗ್ ಕೌಂಟರಿನ ಹಿಂದೆ ಒಂದು ಸ್ಟೂಲ್

ದಾವಣಗೆರೆಯಲ್ಲಿ ಒಂದು ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಯ ಮಳಿಗೆಯಲ್ಲಿ ನಾನು ಆರು ವರ್ಷ ಬಿಲ್ ಹಾಕುವ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ಒಂಬತ್ತೂವರೆಗೆ ಬೆರಳಚ್ಚು ಒತ್ತಿ ಒಳಗೆ ಹೋದರೆ ರಾತ್ರಿ ಏಳೂವರೆಯ ತನಕ ನಿಂತೇ ಇರಬೇಕು. ಊಟಕ್ಕೆ ಅರ್ಧ ಗಂಟೆ, ಟೀಗೆ ಹತ್ತು ನಿಮಿಷ. ಅದು ಬಿಟ್ಟರೆ ಕೂರುವ ಹಾಗಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇಲ್ಲದಾಗಲೂ ಕೂರುವ ಹಾಗಿರಲಿಲ್ಲ.

ಕೌಂಟರಿನ ಹಿಂದೆ ಒಂದು ಸ್ಟೂಲ್ ಹಿಡಿಯುವಷ್ಟು ಜಾಗವಿತ್ತು. ಅಲ್ಲಿ ಚಾಕೊಲೇಟ್ ಸ್ಟ್ಯಾಂಡ್ ಇಟ್ಟಿದ್ದರು. ಕಾಲು ತೀರಾ ಸೋತಾಗ ನಾವು ಡಿಟರ್ಜೆಂಟ್ ಸಾಲಿನ ಹಿಂದೆ, ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ, ಸೋಪಿನ ಪುಡಿಯ ರಟ್ಟಿನ ಪೆಟ್ಟಿಗೆ ಮೇಲೆ ಎರಡು ನಿಮಿಷ ಕೂರುತ್ತಿದ್ದೆವು. ಒಬ್ಬಳು ಕೂತರೆ ಇನ್ನೊಬ್ಬಳು ಕಾವಲು. ಒಂದು ಸಲ ಪೆಟ್ಟಿಗೆ ಕುಸಿದು ಪ್ಯಾಕೆಟ್ಟುಗಳು ಒಡೆದವು. ಅದರ ದುಡ್ಡು ನಮ್ಮಿಬ್ಬರ ಸಂಬಳದಲ್ಲಿ ಕಟ್ ಆಯಿತು. ದುಡ್ಡು ಹೋದರೆ ಹೋಗಲಿ, ಎಲ್ಲರನ್ನೂ ಸೇರಿಸಿ ನಿಲ್ಲಿಸಿ ಸೂಪರ್‌ವೈಸರ್ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಕೆಲಸಕ್ಕೆ ಬಂದಿದ್ದೀರೋ, ಕೂರೋಕೆ ಬಂದಿದ್ದೀರೋ?" ಅದೇ ಅಂಗಡಿಯ ಮೇಲ್ಮಹಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮಾರಾಟಕ್ಕಿದ್ದವು. ದಿನಕ್ಕೆ ನಾಲ್ಕೈದನ್ನು ನಾನೇ ಸ್ಕ್ಯಾನ್ ಮಾಡಿ, ಗಿರಾಕಿಯ ಕೈಗೆ ಎತ್ತಿಕೊಡುತ್ತಿದ್ದೆ.

ಬಾತ್‌ರೂಮಿಗೆ ಹೋಗಲು ಕೌಂಟರ್ ಮುಚ್ಚಬೇಕು, ಮುಚ್ಚಲು ಒಪ್ಪಿಗೆ ಬೇಕು. ಆಫರ್ ಇರುವ ಶನಿವಾರ, ಭಾನುವಾರ ಒಪ್ಪಿಗೆ ಸಿಗುತ್ತಿರಲಿಲ್ಲ. ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟೆವು. ಉರಿಮೂತ್ರ ಯಾರಿಗೆ ಬಂದಿಲ್ಲ ಎಂದು ನಮ್ಮಲ್ಲಿ ಕೇಳುವ ಹಾಗೇ ಇರಲಿಲ್ಲ. ಪಕ್ಕದ ಕೌಂಟರಿನ ಗೆಳತಿಗೆ ಮೊಣಕಾಲ ಹಿಂದೆ ನೀಲಿ ನರಗಳು ಹುರಿಹಗ್ಗದಂತೆ ಎದ್ದಿದ್ದವು. ಇಎಸ್‌ಐ ಡಾಕ್ಟರು ನಿಲ್ಲುವುದನ್ನು ಕಡಿಮೆ ಮಾಡು ಎಂದು ಚೀಟಿ ಬರೆದುಕೊಟ್ಟರು. ಮ್ಯಾನೇಜರ್ ಅದನ್ನು ಓದಿ, ಇದು ಹೆಡ್ ಆಫೀಸ್ ತೀರ್ಮಾನ, ನನ್ನ ಕೈಯಲ್ಲಿಲ್ಲ ಎಂದು ವಾಪಸ್ ಕೊಟ್ಟರು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ನಮ್ಮ ಕಾಲಿನ ಬಗ್ಗೆ ತೀರ್ಮಾನ ಮಾಡುವವರು ನಮ್ಮನ್ನು ಒಮ್ಮೆಯೂ ನೋಡಿರಲಿಲ್ಲ.

ಕೂತರೆ ಗಿರಾಕಿಗೆ ಅಗೌರವ ಎನ್ನುತ್ತಾರೆ. ಚೌಕಿಪೇಟೆಯ ಹಳೇ ಅಂಗಡಿಗಳಲ್ಲಿ ಸಾಹುಕಾರರು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ವ್ಯಾಪಾರ ಮಾಡುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಗುಮಾಸ್ತ ಕೂತೇ ಲೆಕ್ಕ ಬರೆಯುತ್ತಿದ್ದ. ಸಾಮಾನು ಕಟ್ಟುವ ಹುಡುಗರಿಗೆ ಓಡಾಟ ಜಾಸ್ತಿಯೇ, ಆದರೂ ಗಿರಾಕಿ ಇಲ್ಲದಾಗ ಅಕ್ಕಿಮೂಟೆಗೆ ಒರಗಿ ಕೂತರೆ ಯಾರೂ ಗದರುತ್ತಿರಲಿಲ್ಲ. ಅಲ್ಲಿ ಯಾವ ಗಿರಾಕಿಗೂ ಅವಮಾನವಾದದ್ದನ್ನು ನಾನು ಕಾಣೆ.

ಕೇರಳದ ಹೆಣ್ಣುಮಕ್ಕಳು ಇದಕ್ಕಾಗಿ ಬೀದಿಗಿಳಿದರು. ಕೋಯಿಕ್ಕೋಡಿನಲ್ಲಿ ಟೈಲರ್ ಆಗಿದ್ದ ಪಿ. ವಿಜಿ ಮೊದಲು ಎತ್ತಿದ್ದು ಶೌಚಾಲಯದ ಪ್ರಶ್ನೆ, ಆಮೇಲೆ ಕೂರುವ ಪ್ರಶ್ನೆ. 2014ರ ಕೊನೆಗೆ ತ್ರಿಶೂರಿನ ಸೀರೆ ಅಂಗಡಿಯೊಂದರ ಹೆಣ್ಣುಮಕ್ಕಳು ಹೊರಗೆ ಕೂತು ನೂರಕ್ಕೂ ಹೆಚ್ಚು ದಿನ ಮುಷ್ಕರ ಮಾಡಿದರು. 2018ರಲ್ಲಿ ಕೇರಳ ಸರ್ಕಾರ ಕಾನೂನು ತಿದ್ದಿ, ಅಂಗಡಿ ಕೆಲಸದವರಿಗೆ ಕೂರಲು ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದನ್ನೇ ಮಾಡಿತು.

ಅಮೆರಿಕದ ವಾಲ್‌ಮಾರ್ಟ್ ಸಂಗತಿಯನ್ನೂ ಹೇಳಬೇಕು. ಕುಳಿತು ಮಾಡಬಹುದಾದ ಕೆಲಸಕ್ಕೆ ಆಸನ ಕೊಡಬೇಕು ಎಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿನ ಕ್ಯಾಷಿಯರುಗಳು ಆ ನಿಯಮ ಹಿಡಿದು 2009ರಲ್ಲಿ ಕೋರ್ಟಿಗೆ ಹೋದರು. ಒಂಬತ್ತು ವರ್ಷ ಎಳೆದ ಮೇಲೆ, 2018ರಲ್ಲಿ, ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ 6.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸುಮಾರು ಒಂದು ಲಕ್ಷ ಜನ ಕ್ಯಾಷಿಯರುಗಳ ಪ್ರಕರಣ ಅದು. ಅದೇ ವರ್ಷ ಅದೇ ಕಂಪನಿ 1,600 ಕೋಟಿ ಡಾಲರ್ ಸುರಿದು ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಮುಕ್ಕಾಲು ಪಾಲು ಕೊಂಡಿತು. ಅಷ್ಟು ದುಡ್ಡಿದ್ದವರಿಂದ ಒಂದು ಸ್ಟೂಲ್ ಪಡೆಯಲು ಒಂಬತ್ತು ವರ್ಷ ಕೋರ್ಟು ಅಲೆಯಬೇಕಾಯಿತು ಎಂದು ಓದಿದಾಗ ನನಗೆ ನಮ್ಮ ಮ್ಯಾನೇಜರ್ ವಾಪಸ್ ಕೊಟ್ಟ ಚೀಟಿ ನೆನಪಾಯಿತು.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆ ದುಡಿದರೆ ಒಂದು ಗಂಟೆ ವಿರಾಮ ಎನ್ನುತ್ತದೆ. ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಅಂಗಡಿಗಳು ಹಗಲು ರಾತ್ರಿ ತೆರೆದಿರಬಹುದು ಎಂದು 2021ರ ಜನವರಿಯಲ್ಲಿ ಆದೇಶ ಬಂತು. ಕೆಲಸದ ಅವಧಿಯನ್ನು ದಿನಕ್ಕೆ 10 ಗಂಟೆಗೆ, ಓವರ್‌ಟೈಮ್ ಸೇರಿ 12 ಗಂಟೆಗೆ ಏರಿಸುವ ಪ್ರಸ್ತಾವ 2025ರಲ್ಲಿ ಬಂದು ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ಅಂಗಡಿ ಎಷ್ಟು ಹೊತ್ತು ತೆರೆದಿರಬೇಕು ಎಂದು ಯೋಚಿಸುವವರು, ಅಷ್ಟು ಹೊತ್ತೂ ನಿಂತಿರುವವರ ಕಾಲಿನ ಬಗ್ಗೆಯೂ ಯೋಚಿಸಲಿ. ಲೇಬರ್ ಇನ್‌ಸ್ಪೆಕ್ಟರ್ ಬಂದಾಗ ಹಾಜರಾತಿ ಪುಸ್ತಕ ನೋಡಿ ಹೋಗುವುದು ಸಾಲದು. ಪ್ರತಿ ಕೌಂಟರಿನ ಹಿಂದೆ ಬಗ್ಗಿ ನೋಡಬೇಕು. ಸ್ಟೂಲ್ ಇಲ್ಲದಿದ್ದರೆ ದಂಡ ಹಾಕಬೇಕು, ಅದೂ ಹೆಡ್ ಆಫೀಸಿಗೆ. ಮಳಿಗೆಯ ಮ್ಯಾನೇಜರ್ ಜೇಬಿನಿಂದ ಬೇಡ. ಸ್ಟಾಕ್ ಕಮ್ಮಿ ಬಂದರೆ ಹುಡುಗಿಯರ ಸಂಬಳ ಕತ್ತರಿಸುವುದೂ ಅದರ ಜೊತೆಗೇ ನಿಲ್ಲಬೇಕು.

ನಾನು ಕೆಲಸ ಬಿಟ್ಟು ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕಳೆದ ತಿಂಗಳು ಎಣ್ಣೆ ತರಲು ಅದೇ ಮಳಿಗೆಗೆ ಹೋಗಿದ್ದೆ. ಗೆಳತಿ ಅದೇ ಕೌಂಟರಿನಲ್ಲಿದ್ದಳು, ಭಾರವನ್ನೆಲ್ಲ ಎಡಗಾಲ ಮೇಲೆ ಹಾಕಿ ನಿಂತಿದ್ದಳು. ನನ್ನ ಹಿಂದೆ ಏಳೆಂಟು ಜನರ ಸಾಲಿತ್ತು. ಕಾಲಿನ ಆಪರೇಷನ್ ಆಯ್ತೇನೇ ಎಂದು ಮೆಲ್ಲಗೆ ಕೇಳಿದೆ. ಅವಳು ಒಂದು ಸಲ ಮೇಲಿನ ಕ್ಯಾಮೆರಾ ಕಡೆ ನೋಡಿ, "ಕ್ಯಾರಿ ಬ್ಯಾಗ್ ಬೇಕಾ ಮೇಡಂ?" ಎಂದಳು.