ಯುದ್ಧ ಶುರುವಾದದ್ದು ತರಗತಿಯಲ್ಲಿ



ಕಳೆದ ತಿಂಗಳು ಯುವಜನರ ಸಭೆ ಮುಗಿದ ಮೇಲೆ ಚರ್ಚ್ ಹಾಲ್‌ನಲ್ಲಿ ನಾವೆಲ್ಲ ಒಂದು ಹಳೆಯ ಸಿನಿಮಾ ನೋಡಿದೆವು. 1930ರ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’. ಕಪ್ಪು ಬಿಳುಪು, ಇಂಗ್ಲಿಷ್ ಮಾತು. “ಅಣ್ಣಾ, ಹೊಸದು ಯಾವುದೂ ಸಿಗಲಿಲ್ಲವಾ?” ಎಂದು ಪ್ಲಸ್ ಟು ಹುಡುಗರು ಗೊಣಗಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ.

ಇದು ಎರಿಕ್ ಮರಿಯಾ ರೆಮಾರ್ಕ್ ಬರೆದ ಜರ್ಮನ್ ಕಾದಂಬರಿಯ ಸಿನಿಮಾ ರೂಪ. ರೆಮಾರ್ಕ್ 18ನೇ ವಯಸ್ಸಿನಲ್ಲೇ ಸೇನೆಗೆ ಸೇರಬೇಕಾಗಿ ಬಂದು, 1917ರಲ್ಲಿ ಗಾಯಗೊಂಡವರು. ಪುಸ್ತಕದ ಮೊದಲ ಪುಟದಲ್ಲೇ ಹುಡುಗರು ಸೈನಿಕರಾಗಿದ್ದಾರೆ. ಶಾಲೆ ಬರೀ ನೆನಪು. ನಿರ್ದೇಶಕ ಲೂಯಿಸ್ ಮೈಲ್‌ಸ್ಟೋನ್ ಆ ಶಾಲೆಯನ್ನೇ ಮುಂದಕ್ಕೆ ತಂದಿಟ್ಟರು. ಕಿಟಕಿಯಾಚೆ ಸೈನ್ಯ ಸಾಗುತ್ತಿದೆ, ಒಳಗೆ ಕಾಂಟೋರೆಕ್ ಮಾಸ್ತರರು ದೇಶಕ್ಕಾಗಿ ಹೊರಡಿ ಎಂದು ಹುರಿದುಂಬಿಸುತ್ತಿದ್ದಾರೆ. ಹುಡುಗರು ಪುಸ್ತಕ, ಹಾಳೆ ಎಲ್ಲ ತೂರಿ, ಹಾಡುತ್ತಾ ಹೊರಟೇಬಿಡುತ್ತಾರೆ. ಹಿಂದೇಟು ಹಾಕಿದ ಒಬ್ಬನನ್ನೂ ಗೆಳೆಯರು ಎಳೆದುಕೊಂಡು ಹೋಗುತ್ತಾರೆ. ಅವರಲ್ಲಿ ಮೊದಲು ಸಾಯುವವನು ಅವನೇ.

ಕಂದಕ, ಇಲಿ, ಹಸಿವು, ಕಾಲು ಕತ್ತರಿಸಿದ್ದು ಗೊತ್ತಿಲ್ಲದೆ ಬೆರಳು ನೋಯುತ್ತಿದೆ ಎನ್ನುವ ಗೆಳೆಯ, ಅವನ ಬೂಟು ಮುಂದೆ ಒಬ್ಬರಿಂದ ಒಬ್ಬರ ಕಾಲಿಗೆ ಹೋಗುವುದು, ಇವೆಲ್ಲ ಮನ ಕಲಕುತ್ತವೆ. ಆದರೂ ನಮ್ಮ ಅಭಿಪ್ರಾಯದಲ್ಲಿ ಈ ಸಿನಿಮಾದ ಅತ್ಯಂತ ಭಯಂಕರ ದೃಶ್ಯ ಆ ತರಗತಿಯದೇ. ಅಲ್ಲಿ ಒಂದು ಗುಂಡೂ ಹಾರುವುದಿಲ್ಲ. ತಾನು ಹೋಗದವನೊಬ್ಬ ಮಾತಾಡುತ್ತಾನೆ, ಅಷ್ಟೇ.

ಗಡಿಯಲ್ಲಿ ಏನಾದರೂ ಆದ ದಿನ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ “ನುಗ್ಗಿ ಹೊಡೆಯಿರಿ” ಎಂದು ಹಾಕುವವರಲ್ಲಿ ನಾವೂ ಇದ್ದೆವು. ಮರುದಿನ ನಮಗೆ ಇದ್ದದ್ದು ಕಾಲೇಜು, ಕ್ರಿಕೆಟ್, ಹಾಡಿನ ಅಭ್ಯಾಸ. ಅದಕ್ಕೇ ಕಾಂಟೋರೆಕ್ ಮುಖ ನೋಡುವಾಗ ಸ್ವಲ್ಪ ಮುಜುಗರವಾಯಿತು. ತಮ್ಮಂದಿರ ಎದುರು ಮೈಕ್ ಹಿಡಿಯುವವರಿಗೆ ಇನ್ನೂ ಹೆಚ್ಚು.

“ಹಾಗಾದರೆ ಸೈನಿಕರಿಗೆ ಅವಮಾನವಲ್ಲವಾ?” ಎಂದು ಒಬ್ಬ ತಂಗಿ ಕೇಳಿದಳು. ಅವಳ ಮಾವ ಸೇನೆಯಲ್ಲಿದ್ದವರು. ನ್ಯಾಯವಾದ ಪ್ರಶ್ನೆ. ಆದರೆ ಸಿನಿಮಾ ಸೈನಿಕನನ್ನು ಎಲ್ಲೂ ಹಗುರವಾಗಿ ಕಾಣುವುದಿಲ್ಲ. ರಜೆಗೆ ಊರಿಗೆ ಬಂದ ಪಾಲ್ ಅದೇ ತರಗತಿಗೆ ಹೋಗಿ ಕಂಡದ್ದನ್ನು ಹೇಳಿದಾಗ ಅವನನ್ನು ಹೇಡಿ ಎಂದದ್ದು ಯಾರು? ಒಳಗೆ ಕೂತ ಹುಡುಗರು. ಹೊರಗೂ ಹಾಗೇ ಆಯಿತು. 1930ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಗೋಬೆಲ್ಸ್‌ನ ನಾಜಿಗಳು ಚಿತ್ರಮಂದಿರದೊಳಗೆ ಗಬ್ಬುನಾತದ ಬಾಂಬ್ ಎಸೆದು, ಬಿಳಿ ಇಲಿಗಳನ್ನು ಬಿಟ್ಟು ಗಲಾಟೆ ಮಾಡಿದರು. ಕೆಲವೇ ದಿನಗಳಲ್ಲಿ ಸರ್ಕಾರ ಸಿನಿಮಾವನ್ನೇ ನಿಷೇಧಿಸಿತು.

ಪಾಲ್ ಪಾತ್ರ ಮಾಡಿದ ಲ್ಯೂ ಏರ್ಸ್ ಕಥೆಯನ್ನೂ ಹೇಳಲೇಬೇಕು. ಎರಡನೇ ಮಹಾಯುದ್ಧದಲ್ಲಿ ಅವರು ಕೊಲ್ಲುವುದು ತನ್ನ ಮನಸ್ಸಾಕ್ಷಿಗೆ ಒಪ್ಪದು ಎಂದರು. ಜನ ರೊಚ್ಚಿಗೆದ್ದರು, ಅವರ ಸಿನಿಮಾ ಹಾಕಲು ಕೆಲವು ಥಿಯೇಟರ್‌ಗಳು ಒಪ್ಪಲಿಲ್ಲ. ಆದರೆ ಅವರು ಮನೆಯಲ್ಲಿ ಕೂರಲಿಲ್ಲ. ಪೆಸಿಫಿಕ್ ರಣರಂಗಕ್ಕೆ ಹೋಗಿ ಗಾಯಾಳುಗಳ ಸೇವೆ ಮಾಡಿದರು, ಸೇನೆಯ ಪಾದ್ರಿಗಳಿಗೆ ಸಹಾಯಕರಾಗಿಯೂ ದುಡಿದರು.

ಗುಂಡಿಯೊಳಗೆ ತಾನೇ ಇರಿದ ಫ್ರೆಂಚ್ ಸೈನಿಕನ ಪಕ್ಕ ಪಾಲ್ ರಾತ್ರಿ ಕಳೆಯುವ ದೃಶ್ಯದಲ್ಲಿ ಹಾಲ್‌ನಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಸತ್ತವನ ಬಳಿ ಕ್ಷಮೆ ಬೇಡುತ್ತಾನೆ, ನಿನ್ನ ಮನೆಯವರಿಗೆ ಪತ್ರ ಬರೆಯುತ್ತೇನೆ ಎನ್ನುತ್ತಾನೆ. ಪುಸ್ತಕದಲ್ಲಿ ಆ ಮಾತು ಮರುದಿನಕ್ಕೇ ಸಡಿಲವಾಗುತ್ತದೆ. ಪಾಪನಿವೇದನೆ ಮುಗಿಸಿ ಗೇಟು ದಾಟುವಷ್ಟರಲ್ಲಿ ಮರೆಯುವ ನಮಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

ದೀಪ ಹಾಕಿದಾಗ ಚಿಕ್ಕವನೊಬ್ಬ ಕೇಳಿದ: “ಆ ಮಾಸ್ತರರು ಆಮೇಲೆ ಏನಾದರು?” ಕಾದಂಬರಿಯಲ್ಲಿ ಅವರಿಗೂ ಸಮವಸ್ತ್ರ ತೊಡಿಸುತ್ತಾರೆ, ಹಳೆಯ ಶಿಷ್ಯನೇ ಕವಾಯತು ಮಾಡಿಸುತ್ತಾನೆ ಎಂದೆವು. ಎಲ್ಲರೂ ನಕ್ಕರು. ಸಿನಿಮಾದಲ್ಲಿ ಮಾತ್ರ ನಾವು ಅವರನ್ನು ಕೊನೆಯ ಬಾರಿ ನೋಡುವಾಗ ಅವರು ಅದೇ ತರಗತಿಯಲ್ಲಿದ್ದಾರೆ, ಎದುರಿಗೆ ಹೊಸ ಹುಡುಗರು.