ಮೂಲಾ ನಕ್ಷತ್ರವನ್ನು ಕಂಡವರಾರು?

ಪತ್ರಿಕೆಗಳ ವಧೂವರರ ಅಂಕಣವನ್ನು ಬಿಡದೆ ಓದುವ ಚಟ ನನಗುಂಟು. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿರಲಿ, ಇಲ್ಲದಿರಲಿ, ನಮ್ಮ ಸಮಾಜದ ಮನಸ್ಸನ್ನು ಅರಿಯಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಗ್ರಂಥ ಬೇರೊಂದಿಲ್ಲ. ಹುಡುಗಿಯ ಓದು, ಎತ್ತರ, ಬಣ್ಣ, ಸಂಬಳಗಳ ವರ್ಣನೆಯ ಜೊತೆಗೆ ಒಂದು ನಕ್ಷತ್ರದ ಹೆಸರೂ ಬರುತ್ತದೆ. ಆ ಹೆಸರು ಮೂಲಾ ಆಗಿದ್ದರೆ ಹೆತ್ತವರ ದನಿ ಥಟ್ಟನೆ ಇಳಿದುಬಿಡುತ್ತದೆ. ತಂದೆಯಿಲ್ಲದ ವರನಾದರೂ ಆದೀತು, ಎರಡನೆಯ ಸಂಬಂಧವಾದರೂ ಆದೀತು ಎಂಬ ಧಾಟಿ ಅಲ್ಲಿಂದ ಮುಂದೆ. ಏಕೆಂದರೆ ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದಂತೆ! ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಹೀಗೆ ಇಡೀ ಅವಿಭಕ್ತ ಕುಟುಂಬವನ್ನೇ ನಾವು ಆಕಾಶದಲ್ಲಿ ಹಂಚಿಬಿಟ್ಟಿದ್ದೇವೆ.

ಇಷ್ಟೊಂದು ಪ್ರಾಣಭಯವನ್ನು ಹುಟ್ಟಿಸುವ ಈ ಮೂಲಾ ನಕ್ಷತ್ರವನ್ನು ಕಂಡವರಾರು? ಈ ಪ್ರಶ್ನೆಯನ್ನು ನಾನು ಹಲವರಿಗೆ ಕೇಳಿದ್ದೇನೆ. ನಿವೃತ್ತ ಅಧಿಕಾರಿಗಳಿಗೆ, ಉಪಾಧ್ಯಾಯರಿಗೆ, ಮೊಬೈಲಿನಲ್ಲಿ ಬೆರಳಾಡಿಸಿ ಕ್ಷಣಾರ್ಧದಲ್ಲಿ ಜಾತಕ ತೆಗೆಯುವ ತರುಣರಿಗೆ, ದಿನಕ್ಕೆ ಮೂರು ಜಾತಕ ಕೂಡಿಸುವ ಜೋಯಿಸರೊಬ್ಬರಿಗೆ. “ಅದು ಪಂಚಾಂಗದಲ್ಲಿದೆಯಲ್ಲ ಸ್ವಾಮಿ” ಎಂದರು ಜೋಯಿಸರು. ಪಂಚಾಂಗದಲ್ಲಿರುವುದು ಹೆಸರು, ನಕ್ಷತ್ರವಿರುವುದು ಆಕಾಶದಲ್ಲಿ. ಹೆಸರಿಗೆ ಹೆದರಿ ಮನೆಬಾಗಿಲು ಮುಚ್ಚಿಕೊಳ್ಳುವವರು ತಲೆಯೆತ್ತಿ ಒಮ್ಮೆಯೂ ಅದನ್ನು ನೋಡಿಲ್ಲವೆಂಬುದು ನನ್ನ ಮೊದಲನೆಯ ಆಕ್ಷೇಪಣೆ.

ನೋಡುವುದೇನೂ ಕಷ್ಟವಲ್ಲ. ಜುಲೈ ತಿಂಗಳ ಕೊನೆಗೆ, ಮೋಡ ಸರಿದ ಒಂದು ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಬಲಗಡೆ, ಎತ್ತರದಲ್ಲಿ, ಕೆಂಡದಂತೆ ಒಂದು ನಕ್ಷತ್ರ ಹೊಳೆಯುತ್ತಿರುತ್ತದೆ, ಅದೇ ಜ್ಯೇಷ್ಠಾ. ಅಲ್ಲಿಂದ ಚುಕ್ಕೆಗಳ ಸರವೊಂದು ಕೆಳಕ್ಕಿಳಿದು, ಎಡಕ್ಕೆ ಬಾಗಿ, ಕೊಕ್ಕೆಯ ಹಾಗೆ ಮತ್ತೆ ಮೇಲಕ್ಕೆ ಸುತ್ತಿಕೊಂಡಿದೆ. ಕೊಕ್ಕೆಯ ತುದಿಯಲ್ಲಿ ಎರಡು ನಕ್ಷತ್ರಗಳು ಒತ್ತಾಗಿ ಕೂತಿವೆ. ಚೇಳಿನ ಕೊಂಡಿ ಎಂದು ಯಾರಾದರೂ ಹೇಳಿಕೊಟ್ಟರೆ ಮತ್ತೆ ಮರೆಯುವಂತೆಯೇ ಇಲ್ಲ. ಆ ಬಾಲದ ಚುಕ್ಕೆಗಳೇ ಮೂಲಾ. ಬೆಂಗಳೂರಿನಲ್ಲಿ ಅವು ದಿಗಂತದಿಂದ ನಲವತ್ತು ಡಿಗ್ರಿಯಷ್ಟು ಮೇಲೇರುತ್ತವೆ. ಅವುಗಳಿಂದ ಹೊರಟು ಈ ರಾತ್ರಿ ನಮ್ಮ ಕಣ್ಣು ಸೇರುವ ಬೆಳಕು ನೂರಾರು ವರ್ಷಗಳ ಹಿಂದೆಯೇ ಪಯಣ ಹೊರಟದ್ದು. ಈಗ ಬದುಕಿರುವ ಯಾವ ಮಾವನೂ ಆಗ ಹುಟ್ಟಿರಲಿಲ್ಲ.

ಇದೇ ಚುಕ್ಕೆಗಳನ್ನು ಜಗತ್ತಿನ ಬೇರೆ ಬೇರೆ ಜನ ಕಂಡಿದ್ದಾರೆ, ಕಥೆ ಕಟ್ಟಿದ್ದಾರೆ. ಗ್ರೀಕರಿಗೆ ಅದು ಓರಿಯನ್ ಎಂಬ ಬೇಟೆಗಾರನನ್ನು ಕುಟುಕಿ ಕೊಂದ ಚೇಳು. ಪೂರ್ವದಲ್ಲಿ ಚೇಳು ಮೇಲೇಳುವಾಗ ಪಶ್ಚಿಮದಲ್ಲಿ ಬೇಟೆಗಾರ ಮುಳುಗುತ್ತಾನೆ. ಇಬ್ಬರೂ ಆಕಾಶದಲ್ಲಿ ಒಟ್ಟಿಗೆ ನಿಲ್ಲುವುದಿಲ್ಲ. ಕಣ್ಣಾರೆ ಕಂಡ ಈ ಸಂಗತಿಯನ್ನು ಮಕ್ಕಳೂ ಮರೆಯದಂತೆ ಕಟ್ಟಿಟ್ಟ ಗಂಟೇ ಆ ಕಥೆ. ಚೀನೀಯರು ಅದರಲ್ಲಿ ಮಹಾಸರ್ಪದ ಹೃದಯವನ್ನೂ ಬಾಲವನ್ನೂ ಕಂಡರು. ಹವಾಯಿ ದ್ವೀಪಗಳ ಜನರಿಗೆ ಅದು ಮಾವಿ ಎಂಬ ವೀರನ ಗಾಳ. ಆ ಗಾಳವನ್ನು ಕಡಲಿಗೆ ಎಸೆದು ಅವನು ದ್ವೀಪಗಳನ್ನೇ ಮೇಲಕ್ಕೆಳೆದನಂತೆ. ಕಡಲ ಮಕ್ಕಳು ಆ ಬಾಲದಲ್ಲಿ ನೆಲ ದಕ್ಕಿಸುವ ಗಾಳವನ್ನು ಕಂಡರು. ನಾವು ಮಾವನ ಪಾಡೆಯನ್ನು ಕಾಣುತ್ತಿದ್ದೇವೆ!

ನಮ್ಮ ಹಿರಿಯರಿಗೆ ಆಕಾಶ ನೋಡಲು ಬರುತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ರೋಹಿಣಿಯ ಕಥೆಯನ್ನೇ ತೆಗೆದುಕೊಳ್ಳಿ. ದಕ್ಷನು ತನ್ನ ಇಪ್ಪತ್ತೇಳು ಮಂದಿ ಹೆಣ್ಣುಮಕ್ಕಳನ್ನು ಚಂದ್ರನಿಗೆ ಕೊಟ್ಟ. ಚಂದ್ರ ರೋಹಿಣಿಯನ್ನೇ ಮೆಚ್ಚಿ ಉಳಿದವರನ್ನು ಅಲಕ್ಷಿಸಿದ. ಮಾವನ ಶಾಪದಿಂದ ಕ್ಷಯರೋಗಕ್ಕೆ ತುತ್ತಾದ. ಶಾಪ ಅರ್ಧ ಸಡಿಲವಾಗಿ ಕುಗ್ಗುತ್ತ ಹಿಗ್ಗುತ್ತ ಉಳಿದ. ಇದನ್ನು ಅಜ್ಜಿಕಥೆಯೆಂದು ತಳ್ಳಿಹಾಕುವವರು ಆಕಾಶಕ್ಕೆ ಬಂದು ನೋಡಲಿ. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು ಹಿಡಿಯುವ ಕಾಲ ಇಪ್ಪತ್ತೇಳು ದಿನ, ಮೇಲೆ ಏಳೆಂಟು ತಾಸು. ಆದುದರಿಂದ ದಿನಕ್ಕೊಂದು ಮನೆ, ಮನೆಗೊಬ್ಬ ಹೆಂಡತಿ. ಉಳಿದ ಬಹುಪಾಲು ನಕ್ಷತ್ರಗಳನ್ನು ಚಂದ್ರ ದೂರದಿಂದ ಹಾದುಹೋಗುತ್ತಾನೆ. ಕೆಂಪು ರೋಹಿಣಿಯನ್ನಾದರೋ ಕೆಲವು ವರ್ಷಗಳಲ್ಲಿ ತಿಂಗಳು ತಿಂಗಳೂ ಮರೆಮಾಡಿ ಅಪ್ಪಿಕೊಳ್ಳುತ್ತಾನೆ. 2015ರಿಂದ 2018ರ ವರೆಗೆ ಅಂಥ ಒಂದು ಸರಣಿ ನಡೆಯಿತು. ಯಾವ ದುರ್ಬೀನೂ ಇಲ್ಲದ ಕಾಲದಲ್ಲಿ ರಾತ್ರಿಗಟ್ಟಲೆ ಎಚ್ಚರವಿದ್ದು ನೋಡಿದವರಿಗಲ್ಲದೆ ಇಂಥ ಕಥೆ ಹೊಳೆಯುವುದು ಸಾಧ್ಯವೆ?

ಈಗ ಮೂಲಾ ನಕ್ಷತ್ರಕ್ಕೆ ಇದೇ ಪರೀಕ್ಷೆಯನ್ನು ಹಚ್ಚೋಣ. ಚಂದ್ರನ ದಾರಿ ಸೂರ್ಯನ ದಾರಿಯಿಂದ ಹೆಚ್ಚೆಂದರೆ ಐದು ಡಿಗ್ರಿ ಆಚೀಚೆ ಸರಿಯುತ್ತದೆ. ಮೂಲಾ ನಕ್ಷತ್ರದ ಮುಖ್ಯತಾರೆ ಆ ದಾರಿಯಿಂದ ತೆಂಕಣಕ್ಕೆ ಹದಿಮೂರು ಡಿಗ್ರಿಗೂ ಆಚೆಗಿದೆ. ಚಂದ್ರ ಎಷ್ಟೇ ಹತ್ತಿರ ಬಂದರೂ ನಡುವೆ ಹದಿನೈದು ಹುಣ್ಣಿಮೆಯ ಬಿಂಬಗಳನ್ನು ಸಾಲಾಗಿ ಜೋಡಿಸುವಷ್ಟು ತೆರಪು ಉಳಿಯುತ್ತದೆ. ‘ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು’ ಎಂದರೆ, ಲೆಕ್ಕಕ್ಕಾಗಿ ಆಕಾಶದ ದಾರಿಯನ್ನು ಇಪ್ಪತ್ತೇಳು ಸಮಪಾಲು ಮಾಡಿ, ಹತ್ತೊಂಬತ್ತನೆಯ ಪಾಲಿನಲ್ಲಿ ಚಂದ್ರನಿದ್ದಾಗ ಹುಟ್ಟಿದವಳು ಎಂದಿಷ್ಟೇ ಅರ್ಥ. ಮೈಲಿಗಲ್ಲನ್ನು ನೋಡಿ ಊರು ಗುರುತಿಸಬಹುದು. ಹತ್ತೊಂಬತ್ತನೆಯ ಮೈಲಿಯಲ್ಲಿ ಹುಟ್ಟಿದವಳೆಂದು ಯಾರನ್ನಾದರೂ ಹೆದರುವುದುಂಟೆ? ಇಪ್ಪತ್ತೇಳರಲ್ಲಿ ಒಂದು ಪಾಲೆಂದರೆ ಪ್ರತಿ ನೂರು ಹೆಣ್ಣುಮಕ್ಕಳಲ್ಲಿ ಮೂರು ನಾಲ್ಕು ಮಂದಿ. ಅವರೆಲ್ಲ ಮಾವಂದಿರನ್ನು ಬಲಿ ತೆಗೆದುಕೊಂಡಿದ್ದರೆ ನಮ್ಮ ಬಡಾವಣೆಗಳ ಉದ್ಯಾನಗಳಲ್ಲಿ ಸಂಜೆ ಕಲ್ಲುಬೆಂಚಿನ ಮೇಲೆ ಕೂರಲು ಇಷ್ಟೊಂದು ಮುದುಕರು ಉಳಿಯುತ್ತಿರಲಿಲ್ಲ.

“ಹಾಗಾದರೆ ಶಾಸ್ತ್ರ ಸುಳ್ಳೆ?” ಎಂದು ಕೇಳುವವರಿದ್ದಾರೆ. ಶಾಸ್ತ್ರವನ್ನೇ ಕೇಳೋಣ. ಜ್ಯೇಷ್ಠಾ ನಕ್ಷತ್ರದ ಹಳೆಯ ಹೆಸರು ಜ್ಯೇಷ್ಠಘ್ನೀ. ಹಿರಿಯನನ್ನು ಕೊಂದದ್ದು ಎಂದರ್ಥ. ಮೂಲಾ ನಕ್ಷತ್ರದ ಹಳೆಯ ಹೆಸರು ಮೂಲಬರ್ಹಣೀ, ಬೇರು ಕಿತ್ತದ್ದು. ಯಾವ ಹಿರಿಯ, ಯಾರ ಬೇರು? ತೈತ್ತಿರೀಯ ಬ್ರಾಹ್ಮಣ ವಿವರಿಸುವುದು ಒಂದು ಕಾಳಗದ ಮಾತಿನಲ್ಲಿ: ಎದುರಾಳಿಗಳ ಹಿರಿಯನನ್ನು ಕೊಂದೆವು, ಅದು ಜ್ಯೇಷ್ಠಘ್ನೀ, ಅವರ ಬೇರನ್ನು ಕಡಿದೆವು, ಅದು ಮೂಲಬರ್ಹಣೀ, ಅವರು ನಮ್ಮನ್ನು ತಡೆದುಕೊಳ್ಳಲಾರದೆ ಹೋದರು, ಅದು ಅಷಾಢಾ. ಒಂದರ ಪಕ್ಕದಲ್ಲೊಂದು ನಿಂತ ಮೂರು ನಕ್ಷತ್ರಗಳಲ್ಲಿ ಒಂದು ಗೆಲುವಿನ ಕಥೆ. ಆ ಕಥೆಯಲ್ಲಿ ಸೊಸೆಯಿಲ್ಲ, ಮಾವನಿಲ್ಲ, ಭಾವನೂ ಇಲ್ಲ. ಯುದ್ಧ ಮರೆತುಹೋಯಿತು, ಹೆಸರು ಉಳಿಯಿತು. ಉಳಿದ ಹೆಸರಿಗೆ ಹೊಸ ಶತ್ರು ಬೇಕಾದಾಗ, ಎದುರು ಮಾತಾಡಲಾರದ ಹೊಸ ಸೊಸೆ ಸಿಕ್ಕಳು.

ಇನ್ನೂ ಹಿಂದಕ್ಕೆ ಹೋದರೆ ಇನ್ನೂ ಸೊಗಸು. ಚೇಳಿನ ಕೊಂಡಿಯಲ್ಲಿ ಒತ್ತಾಗಿ ಕೂತಿರುವ ಆ ಎರಡು ನಕ್ಷತ್ರಗಳನ್ನು ಅಥರ್ವವೇದದ ‘ವಿಚೃತೌ’ ಎಂದು ವಿದ್ವಾಂಸರು ಗುರುತಿಸುತ್ತಾರೆ. ಗಂಟು ಬಿಚ್ಚುವ ಜೋಡಿ ಎಂದು ಅರ್ಥ. ಅವು ಮೇಲೆದ್ದಾಗ, ಹುಟ್ಟಿನಿಂದ ಬಂದ ಕಾಯಿಲೆಯ ಪಾಶವನ್ನು ಸಡಿಲಿಸಿರೆಂದು ಅವನ್ನು ಭಾಗ್ಯವತಿಯರೆಂದು ಕರೆದು ಬೇಡಿಕೊಳ್ಳುತ್ತಿದ್ದರು. ರೋಗದ ಗಂಟನ್ನು ಬಿಚ್ಚುತ್ತಿದ್ದ ನಕ್ಷತ್ರಗಳನ್ನು ನಾವು ಮದುವೆಯ ಗಂಟು ಬೀಳದಂತೆ ಅಡ್ಡಹಾಕಲು ಬಳಸುತ್ತಿದ್ದೇವೆ.

ಎದುರುಪಕ್ಷದವರ ಕೈಯಲ್ಲಿರುವ ಒಳ್ಳೆಯ ಅಸ್ತ್ರವನ್ನು ನಾನು ಮುಚ್ಚಿಡುವುದಿಲ್ಲ. ಅದೇ ಅಥರ್ವವೇದದಲ್ಲಿ ಮತ್ತೊಂದು ಸೂಕ್ತವಿದೆ. ಜ್ಯೇಷ್ಠಘ್ನಿಯಲ್ಲಿ, ವಿಚೃತಗಳಲ್ಲಿ ಹುಟ್ಟಿದ ಕೂಸಿನ ವಿಷಯದಲ್ಲಿ ಅಲ್ಲಿ ಅಂಜಿಕೆ ಕಾಣುತ್ತದೆ. ಭಯವೂ ಹಳೆಯದೇ, ಒಪ್ಪಿದೆ. ಆದರೆ ಅದನ್ನು ಪೂರ್ತಿಯಾಗಿ ಓದಬೇಕು. ಅಲ್ಲಿರುವ ಕೂಸು ಗಂಡು. ಅದು ಬೆಳೆದು ತಂದೆತಾಯಿಗೆ ಕೆಡುಕಾಗದಿರಲಿ ಎಂಬುದು ಪ್ರಾರ್ಥನೆ. ಅದಕ್ಕಿಂತ ಮೊದಲು, ಈ ಕೂಸನ್ನು ಕಾಪಾಡು, ಇದು ನೂರು ವರ್ಷ ಬಾಳಲಿ ಎಂಬ ಬೇಡಿಕೆ. ಅಂದಿನವರು ಹೆದರಿದ ಮೇಲೂ ಮಗುವನ್ನು ಎದೆಗವಚಿಕೊಂಡರು. ಗಂಡುಮಗುವಿನ ವಿಷಯದಲ್ಲಿದ್ದ ಅಂಜಿಕೆ ಹೆಣ್ಣಿನ ಕೊರಳಿಗೆ ಬಿದ್ದುದು ಆಮೇಲಿನ ಕೈವಾಡ. ನಮ್ಮ ನೆರೆಯ ತಮಿಳರಲ್ಲಂತೂ ಗಾದೆಯೇ ಇದೆ: ಗಂಡು ಮೂಲಾದಲ್ಲಿ ಹುಟ್ಟಿದರೆ ಅರಸಾಳುತ್ತಾನೆ, ಹೆಣ್ಣು ಹುಟ್ಟಿದರೆ ನಿರ್ಮೂಲ. ಒಂದೇ ಆಕಾಶ, ಒಂದೇ ಚಂದ್ರ, ಎರಡು ನ್ಯಾಯ! ನಕ್ಷತ್ರಕ್ಕೆ ಗಂಡುಹೆಣ್ಣಿನ ಭೇದ ತಿಳಿಯುವುದೆಂದು ನಂಬುವುದು ಹೇಗೆ? ಅದು ತಿಳಿದಿರುವುದು ನಮಗೆ.

ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹನೆ ಮಾಡುವುದು ಯಾವ ನಕ್ಷತ್ರದಲ್ಲಿ? ಮೂಲಾ ನಕ್ಷತ್ರದಲ್ಲಿ. ಪುಸ್ತಕಗಳನ್ನು ಜೋಡಿಸಿ, ಅರಿಸಿನ ಕುಂಕುಮವಿಟ್ಟು, ತಾಯೇ ಮನೆಗೆ ಬಾ ಎಂದು ಕರೆಯುವ ಅದೇ ಮನೆಯವರು, ಅದೇ ದಿನ ಹುಟ್ಟಿದ ಹುಡುಗಿ ವಿದ್ಯೆ ಕಲಿತು ಹೊಸ್ತಿಲಿಗೆ ಬಂದರೆ ಬೇಡವೆನ್ನುತ್ತಾರೆ. ಈ ವಿಪರ್ಯಾಸ ಯಾವ ಪುರೋಹಿತರಿಗೂ ಹೊಳೆಯದಿರುವುದು ಸೋಜಿಗ.

ನನ್ನ ತಂಗಿಯ ಮಗಳು ಈ ನಕ್ಷತ್ರದವಳು. ಇಂಜಿನಿಯರಿಂಗ್ ಓದಿ ಕೆಲಸದಲ್ಲಿದ್ದಾಳೆ. ಮೂರು ಸಲ ಮಾತುಕತೆ ನಿಶ್ಚಿತಾರ್ಥದ ಅಂಚಿನವರೆಗೆ ಬಂದು ನಿಂತಿತು. ಮೂರನೆಯ ಸಲ ಬೀಗರಾಗಬೇಕಾಗಿದ್ದವರು ವಿಜ್ಞಾನದ ಪದವೀಧರರು. “ನಮಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಮನೆಯ ಹೆಂಗಸರು ಒಪ್ಪಬೇಕಲ್ಲ” ಎಂದರು. ಹೆಂಗಸರನ್ನು ಕೇಳಿದರೆ “ಯಜಮಾನರ ಮನಸ್ಸಿಗೆ ಕಸಿವಿಸಿ” ಎಂದರು. ಕೊನೆಗೆ ಹಿತೈಷಿಗಳೊಬ್ಬರು, ಹುಟ್ಟಿದ ವೇಳೆಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಹೊಸ ಜಾತಕ ಬರೆಸಿಕೊಡುವುದಾಗಿ ಮುಂದೆ ಬಂದರು. ಹುಡುಗಿ ಒಪ್ಪಲಿಲ್ಲ. “ಮಾಮ, ನಾನು ಹುಟ್ಟಿದ ಹೊತ್ತನ್ನು ಕದ್ದು ಮುಚ್ಚಿ ಬಾಳಬೇಕೆ?” ಎಂದಳು. ನಂಬಿಕೆಯ ಹೆಸರಿನಲ್ಲಿ ನಡೆಯುವ ಈ ವ್ಯವಹಾರದಲ್ಲಿ ನಂಬಿಕೆಯೇ ಇಲ್ಲ. ದೋಷ ನಿಜವಾಗಿದ್ದರೆ ಸುಳ್ಳು ಜಾತಕದಿಂದ ಮಾವ ಉಳಿಯುತ್ತಾನೆಯೆ? ಎಲ್ಲರೂ ಬಲ್ಲರು, ಎಲ್ಲರೂ ನಟಿಸುತ್ತಾರೆ; ಬೆಲೆ ತೆರುವವಳು ಮಾತ್ರ ಒಬ್ಬಳೇ.

ಇನ್ನು ಎರಡು ಬಗೆಯ ವಿದ್ಯಾವಂತರ ಮೇಲೆ ನನಗೆ ಸಿಟ್ಟಿದೆ. ಮೊದಲನೆಯವರು ಅಭಿಮಾನಿಗಳು. ನಮ್ಮ ಆಕಾಶಗಂಗೆಯ ಕೇಂದ್ರ ಮೂಲಾ ನಕ್ಷತ್ರದ ಪಾಲಿನ ದಿಕ್ಕಿನಲ್ಲಿದೆ. ಆದುದರಿಂದ ವಿಶ್ವದ ಮೂಲವನ್ನು ಋಷಿಗಳು ಅಂದೇ ಬಲ್ಲವರಾಗಿದ್ದರು ಎಂದು ಅವರು ಭಾಷಣ ಬಿಗಿಯುತ್ತಾರೆ. ಆ ಕೇಂದ್ರ ಸುಮಾರು ಇಪ್ಪತ್ತಾರು ಸಾವಿರ ಜ್ಯೋತಿರ್ವರ್ಷಗಳ ಆಚೆ, ಧೂಳಿನ ಮೋಡಗಳ ಹಿಂದಿದೆ; ಬರಿಗಣ್ಣಿಗೆ ಅದು ಎಂದೂ ಕಂಡುದಿಲ್ಲ. ಆ ದಿಕ್ಕಿನಿಂದ ಬರುವ ರೇಡಿಯೋ ಅಲೆಗಳನ್ನು ಕಾರ್ಲ್ ಜಾನ್‌ಸ್ಕಿ 1930ರ ದಶಕದ ಆರಂಭದಲ್ಲಿ ಪತ್ತೆಹಚ್ಚಿದರು. ಅಲ್ಲಿರುವ ಕಪ್ಪುಕುಳಿಯ ಚಿತ್ರ ಹೊರಬಂದದ್ದು 2022ರಲ್ಲಿ. ಹಿರಿಯರು ಕಾಣದ್ದನ್ನು ಕಂಡರೆಂದು ಹೊಗಳುವುದು, ಅವರು ಕಂಡದ್ದನ್ನು ನಾವು ಕಾಣದೆ ಹೋದ ನಾಚಿಕೆಯನ್ನು ಮುಚ್ಚಿಕೊಳ್ಳುವ ಉಪಾಯ.

ಎರಡನೆಯವರು ವಿಚಾರವಾದಿಗಳೆಂದು ಹೇಳಿಕೊಳ್ಳುವ ಗೆಳೆಯರು. ಪುರಾಣಕಥೆಯೆಂದರೆ ಅವರಿಗೆ ಮೂಢನಂಬಿಕೆ. ಮಕ್ಕಳಿಗೆ ನಕ್ಷತ್ರದ ದೂರ, ಉಷ್ಣತೆ, ತೂಕ ಕಲಿಸಿದರೆ ಸಾಕು, ಕಥೆ ಏಕೆ ಎಂದು ಕೇಳುತ್ತಾರೆ. ಅವರಲ್ಲಿಯೂ ಆಕಾಶದಲ್ಲಿ ಮೂಲಾ ಯಾವುದೆಂದು ಬೆರಳು ತೋರಿಸಬಲ್ಲವರು ವಿರಳ. ಕಥೆಯನ್ನು ಕಿತ್ತೆಸೆದರೆ ಭಯ ಹೋಗುವುದಿಲ್ಲ. ನಾವು ರೋಹಿಣಿಯ ಒಲವನ್ನು ಮರೆತೆವು, ಜ್ಯೇಷ್ಠಘ್ನಿಯ ಕಾಳಗವನ್ನು ಮರೆತೆವು. ಮಾವನ ಭಯವನ್ನು ಮರೆತೆವೆ? ಪಂಚಾಂಗದ ಕೋಷ್ಟಕದಲ್ಲಿ ಕಥೆಯಿಲ್ಲದ ಬರಿಯ ಹೆಸರುಗಳಿವೆ; ಭಯಕ್ಕೆ ಬೇಕಾದುದೂ ಅಷ್ಟೆ. ಕಥೆ ತಿಳಿದವನು ‘ಯಾರ ಬೇರು?’ ಎಂದು ಕೇಳುತ್ತಾನೆ. ತಿಳಿಯದವನು ಜಾತಕವನ್ನು ಹಿಂದಿರುಗಿಸುತ್ತಾನೆ.

ನನ್ನ ಬೇಡಿಕೆ ದೊಡ್ಡದಲ್ಲ. ಜಾತಕ ನೋಡಬೇಡಿರೆಂದು ಹೇಳಿದರೆ ಯಾರೂ ಕೇಳುವುದಿಲ್ಲವೆಂಬುದನ್ನು ಬಲ್ಲೆ. ನೋಡಿ, ಆದರೆ ನಕ್ಷತ್ರದ ಹೆಸರಿನಲ್ಲಿ ಒಂದು ಹೆಣ್ಣನ್ನು ಬೇಡವೆನ್ನುವ ಮೊದಲು ಆ ನಕ್ಷತ್ರವನ್ನೂ ನೋಡಿ. ವರನ ತಂದೆ, ಜೋಯಿಸರು, ನಡುವಿನ ಹಿತೈಷಿಗಳು ಎಲ್ಲರೂ ಒಂದು ರಾತ್ರಿ ಊರ ದೀಪಗಳಿಂದಾಚೆ ಹೋಗಿ, ದಕ್ಷಿಣಕ್ಕೆ ನಿಂತು, ಕೆಂಪು ಜ್ಯೇಷ್ಠೆಯಿಂದ ಚುಕ್ಕೆ ಎಣಿಸುತ್ತ ಕೊಂಡಿಯ ಆ ಜೋಡಿ ನಕ್ಷತ್ರಗಳ ವರೆಗೆ ಬರಲಿ. ಅವುಗಳ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಅಷ್ಟಾದ ಮೇಲೂ ಅವರಿಗೆ ಹೆದರಿಕೆ ಉಳಿದಿದ್ದರೆ, ಆ ಹುಡುಗಿ ಅಂಥ ಮನೆಗೆ ಸೊಸೆಯಾಗದಿರುವುದೇ ಅವಳ ಗ್ರಹಬಲವೆಂದು ನಾನು ತಿಳಿಯುತ್ತೇನೆ.