ಗಮನ ಕೊಡದ ಹುಡುಗನೋ, ಕೇಳಿಸದ ಹುಡುಗನೋ?

ಕಳೆದ ಮಳೆಗಾಲದಲ್ಲಿ ಬಸರೀಕಟ್ಟೆ ಕಡೆಯ ಒಂದು ಶಾಲೆಗೆ ಬೋಧನಾಭ್ಯಾಸದ ಪಾಠ ವೀಕ್ಷಿಸಲು ಹೋಗಿದ್ದೆ. ಐದನೇ ತರಗತಿ, ಪರಿಸರ ಅಧ್ಯಯನ. ಹೊರಗೆ ಜಡಿಮಳೆ. ಹೆಂಚಿನ ಮೇಲೆ ಬೀಳುವ ಸದ್ದಿಗೆ ನಮ್ಮ ಪ್ರಶಿಕ್ಷಣಾರ್ಥಿಯ ದನಿ ಹಿಂದಿನ ಬೆಂಚಿನವರೆಗೆ ಹೋಗುತ್ತಲೇ ಇರಲಿಲ್ಲ. ಅಲ್ಲಿ ದಪ್ಪಗಿನ ಹುಡುಗನೊಬ್ಬ ಬಾಯಿ ತೆರೆದುಕೊಂಡು ಕೂತಿದ್ದ. ಎರಡು ಸಲ ಹೆಸರು ಹಿಡಿದು ಕರೆದರೂ ಏಳಲಿಲ್ಲ. ಪಕ್ಕದವನು ತಿವಿದ ಮೇಲೆ ಎದ್ದು, ಕೇಳಿದ್ದು ಒಂದಾದರೆ ಬೇರೊಂದು ಉತ್ತರ ಹೇಳಿದ. ತರಗತಿ ನಕ್ಕಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಹಿಂದಿನ ಬೆಂಚಿನ ವಿದ್ಯಾರ್ಥಿಯ ಗಮನ ಸೆಳೆದಿಲ್ಲ’ ಎಂದು ಬರೆದು ಎರಡು ಅಂಕ ಕಳೆದೆ.

ಪ್ರಶಿಕ್ಷಣಾರ್ಥಿ ನನ್ನೊಡನೆ ವಾದಿಸಲಿಲ್ಲ. ಮರುದಿನ ಅವನನ್ನು ಎರಡನೇ ಸಾಲಿಗೆ ಕರೆತಂದಳು, ಅವನ ಮುಖ ನೋಡಿ ಮಾತಾಡಿದಳು. ಅವನು ಉತ್ತರ ಹೇಳಿದ. ಸಂಜೆ ಕರೆದೊಯ್ಯಲು ಬಂದ ಅಜ್ಜಿಯನ್ನು ವಿಚಾರಿಸಿದಾಗ, “ಮಳೆ ಹಿಡಿದ್ರೆ ಇವನಿಗೆ ಶೀತ, ಕಿವಿ ಕಟ್ಟೋದು ಮಾಮೂಲಿ ಮೇಡಂ. ಎಣ್ಣೆ ಬೆಚ್ಚಗೆ ಮಾಡಿ ಬಿಡ್ತೀವಿ” ಎಂದರಂತೆ. ಕೊನೆಗೆ ತಜ್ಞರು ನೋಡಿದಾಗ ಎರಡೂ ಕಿವಿಗಳ ತಮಟೆಯ ಹಿಂದೆ ದ್ರವ ನಿಂತಿತ್ತು.

ಮೂಗಿನ ಹಿಂಭಾಗದಿಂದ ನಡುಕಿವಿಗೆ ಗಾಳಿ ಒಯ್ಯುವ ಕೊಳವೆ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡ. ಶೀತವಾದರೆ ಅಥವಾ ಮೂಗಿನ ಹಿಂದಿನ ಗ್ರಂಥಿ ಊದಿಕೊಂಡರೆ ಅದು ಕಟ್ಟಿಕೊಳ್ಳುತ್ತದೆ, ನಡುಕಿವಿಯಲ್ಲಿ ದ್ರವ ತುಂಬುತ್ತದೆ. ನೋವಿಲ್ಲ, ಸೋರುವುದೂ ಇಲ್ಲ. ಕಿವಿಗೆ ಬೆರಳಿಟ್ಟುಕೊಂಡು ಪಾಠ ಕೇಳಿದ ಹಾಗೆ, ಅಷ್ಟೆ. ಒಂದು ವಾರ ಕೇಳಿಸುತ್ತದೆ, ಇನ್ನೊಂದು ವಾರ ಇಲ್ಲ. ಅದಕ್ಕೇ ನಾವು ‘ಬೇಕೆಂದಾಗ ಕೇಳಿಸುತ್ತೆ ಇವನಿಗೆ’ ಎನ್ನುವುದು.

ತೂಕಕ್ಕೂ ಇದಕ್ಕೂ ಏನು ಸಂಬಂಧ? 2007ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಎರಡರಿಂದ ಏಳು ವರ್ಷದ ಮಕ್ಕಳನ್ನು ಹೋಲಿಸಿದಾಗ, ನಡುಕಿವಿಯಲ್ಲಿ ದ್ರವ ನಿಂತವರಲ್ಲಿ ಬೊಜ್ಜು ಹೆಚ್ಚಾಗಿ ಕಂಡಿತು. ಕೊಳವೆಯ ಸುತ್ತಲಿನ ಕೊಬ್ಬು, ಹೊಟ್ಟೆಯ ಆಮ್ಲ ಗಂಟಲಿಗೆ ಬರುವುದು, ಬೊಜ್ಜಿನ ಜೊತೆ ಬರುವ ಉರಿಯೂತ ಇವು ಕಾರಣವಿರಬಹುದೆಂಬ ಊಹೆಗಳಿವೆ. ಇನ್ನೊಂದು ವಾದ ತಿರುಗುಮುರುಗು: ನಾಲಿಗೆಯ ರುಚಿ ಒಯ್ಯುವ ಒಂದು ನರ ನಡುಕಿವಿಯ ಮೂಲಕವೇ ಹಾದುಹೋಗುತ್ತದೆ. ಪದೇಪದೇ ಸೋಂಕಾಗಿ ಆ ನರಕ್ಕೆ ಪೆಟ್ಟಾದರೆ ಎಣ್ಣೆ, ಸಿಹಿಯ ತಿನಿಸಿನತ್ತ ಒಲವು ಹೆಚ್ಚಬಹುದು ಎಂದು ಅಮೆರಿಕದ ರುಚಿ ಸಂಶೋಧಕಿ ಲಿಂಡಾ ಬಾರ್ಟೋಷುಕ್ ಹೇಳಿದ್ದಾರೆ. ಎರಡೂ ಒಟ್ಟಿಗೆ ಕಾಣುತ್ತವೆ ಎಂದಷ್ಟೇ ಇದರರ್ಥ. ಇದರಿಂದ ಇದು ಎಂದು ಬರೆದರೆ ನಮ್ಮ ಕ್ರಿಯಾ ಸಂಶೋಧನೆಯ ವರದಿಯಲ್ಲೇ ಕೆಂಪು ಗೆರೆ ಬೀಳಬೇಕು. ಸಣಕಲು ಮಕ್ಕಳ ಕಿವಿಗೆ ತೊಂದರೆ ಇಲ್ಲವೆಂದೂ ಅಲ್ಲ.

ಆದರೆ ತರಗತಿಯಲ್ಲಿ ಆಗುವುದೇ ಬೇರೆ. ದಪ್ಪ ಹುಡುಗ ‘ಹಿಂದಿನವರಿಗೆ ಅಡ್ಡ’ ಎಂದು ನಾವೇ ಹಿಂದೆ ಕೂರಿಸುತ್ತೇವೆ. ಅವನು ನಿಧಾನ, ಸೋಮಾರಿ ಎಂಬ ಮಾತು ಮೊದಲೇ ತಯಾರಿರುತ್ತದೆ. ಕೇಳಿಸದೆ ಸುಮ್ಮನಿದ್ದರೆ ಆ ಮಾತಿಗೆ ಸಾಕ್ಷಿ ಸಿಕ್ಕಂತೆ. ಸಣ್ಣ ಹುಡುಗನಾಗಿದ್ದರೆ ನಾನು ಆ ದಿನ ‘ಹುಷಾರಿಲ್ಲವೇನೋ’ ಎಂದುಕೊಳ್ಳುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಶಿಕ್ಷಕರು ವೈದ್ಯರಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಿಜ. ಆದರೆ ಇಂಥ ದ್ರವ ತಾನಾಗಿ ಇಳಿಯುವುದುಂಟೆಂದು ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳು ಕಾದು ನೋಡುತ್ತಾರೆ. ನಮ್ಮ ಕಡೆ ಆ ಮೂರು ತಿಂಗಳೆಂದರೆ ಜೂನ್‌ನಿಂದ ಆಗಸ್ಟ್, ಮಳೆಯ ಸದ್ದೂ ಸೇರಿ. ಆಗ ಮಗುವಿಗೆ ಆಸರೆ ಶಿಕ್ಷಕರೇ: ಮುಂದಿನ ಸಾಲು, ಬೋರ್ಡಿನತ್ತ ತಿರುಗಿಕೊಂಡು ಮಾತಾಡದಿರುವುದು, ಪ್ರಶ್ನೆಯನ್ನು ಬರೆದೂ ತೋರಿಸುವುದು. ತೂಕದ ಮಾತನ್ನು ತರಗತಿಯಲ್ಲಿ ಎತ್ತಲೇಬಾರದು. ತಮಟೆ ತೂತಾಗಿದ್ದರೆ ಎಣ್ಣೆ ಬಿಡುವುದು ಅಪಾಯ ಎಂದು ಮನೆಯವರಿಗೆ ಹೇಳಬೇಕು, ಅಜ್ಜಿಗೆ ಅವಮಾನವಾಗದಂತೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಶ್ರವಣದೋಷವೂ ಕಿವಿಯ ಸೋಂಕೂ ಇವೆ. ತಂಡ ಶಾಲೆಗೆ ಬಂದ ದಿನ ಯಾವ ಮಗುವನ್ನು ಮುಖ್ಯವಾಗಿ ತೋರಿಸಬೇಕೆಂದು ತರಗತಿ ಶಿಕ್ಷಕರಿಗೆ ಗೊತ್ತಿರಬೇಕು.

ನಮ್ಮ ವೀಕ್ಷಣಾ ನಮೂನೆಯಲ್ಲಿ ಧ್ವನಿಯ ಏರಿಳಿತಕ್ಕೆ, ಕಪ್ಪುಹಲಗೆ ಕೆಲಸಕ್ಕೆ, ತರಗತಿ ನಿಯಂತ್ರಣಕ್ಕೆ ಅಂಕಗಳಿವೆ. ‘ಕೊನೆಯ ಬೆಂಚಿಗೆ ಕೇಳಿಸಿತೇ?’ ಎಂಬ ಸಾಲು ಇಲ್ಲ. ಅದನ್ನು ಸೇರಿಸಬೇಕೆಂದು ಮುಂದಿನ ವಿಧಾನ ಬೋಧಕರ ಸಭೆಗೆ ಬರೆದುಕೊಟ್ಟಿದ್ದೇನೆ. ಆ ಪ್ರಶಿಕ್ಷಣಾರ್ಥಿಯ ಎರಡು ಅಂಕಗಳನ್ನು ಸಹಿ ಹಾಕಿ ತಿದ್ದಿದ್ದೇನೆ.